ಗೇಮ್ ಕಮ್ಯುನಿಟಿ ಮ್ಯಾನೇಜರ್ ಕೆಲಸ: ಮೊದಲ ದಿನದಿಂದ ಸರ್ವರ್ ಬಿದ್ದ ರಾತ್ರಿಯವರೆಗೆ

ನಾನು ಈ ಕೆಲಸಕ್ಕೆ ಸೇರಿ ಮೂರನೇ ವಾರ. ನಮ್ಮ ಮೊಬೈಲ್ ಗೇಮ್‌ಗೆ ರಾತ್ರಿ ಅಪ್‌ಡೇಟ್ ಬರಬೇಕಿತ್ತು. ಎರಡು ಗಂಟೆ ಮೇಂಟೆನೆನ್ಸ್ ಅಂತ ಹೇಳಿದ್ದೆವು. ಎರಡು ಗಂಟೆ ಕಳೆದರೂ ಸರ್ವರ್ ಏಳಲಿಲ್ಲ. "ಇನ್ನು ಸ್ವಲ್ಪ ಹೊತ್ತು" ಎಂದು ಆಟಗಾರರು ಸೇರುವ ಚಾಟ್ ಆಪ್ ಡಿಸ್ಕಾರ್ಡ್‌ನಲ್ಲಿ ಹಾಕಿದೆ. ಅರ್ಧ ಗಂಟೆ ಬಿಟ್ಟು ಅದನ್ನೇ ಮತ್ತೆ ಹಾಕಿದೆ. ಮೂರನೇ ಸಲ ಹಾಕಿದಾಗ ಒಬ್ಬ ಹುಡುಗ ಬರೆದ: "ಅಣ್ಣಾ, ನಾಳೆ ಪರೀಕ್ಷೆ ಇದೆ. ಲಾಗಿನ್ ಸ್ಟ್ರೀಕ್ ಹೋಗ್ಬಾರ್ದು ಅಂತ ಕಾಯ್ತಾ ಇದೀನಿ. ಮಲಗ್ಲಾ ಬೇಡ್ವಾ, ಅಷ್ಟು ಹೇಳಿ ಸಾಕು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟ್ರೀಕ್ ಅಂದರೆ ಒಂದು ದಿನವೂ ತಪ್ಪದೆ ಲಾಗಿನ್ ಆದ ದಿನಗಳ ಲೆಕ್ಕ. ಅದು ಹೋಗುತ್ತದೋ ಇಲ್ಲವೋ ಎಂದು ಒಳಗೆ ಯಾರನ್ನೂ ನಾನು ಕೇಳಿಯೇ ಇರಲಿಲ್ಲ.

ಕನ್ನಡದಲ್ಲಿ "ಕೇಳು" ಅಂದರೆ ಕಿವಿಗೊಡು ಅಂತಲೂ ಹೌದು, ಪ್ರಶ್ನೆ ಹಾಕು ಅಂತಲೂ ಹೌದು. ಈ ಕೆಲಸಕ್ಕೆ ಎರಡೂ ಬೇಕು. ಆಟಗಾರರ ಮಾತಿಗೆ ಕಿವಿಗೊಡಬೇಕು, ಆಮೇಲೆ ಎದ್ದು ಹೋಗಿ ಗೇಮ್ ಮಾಡುವವರನ್ನು ಪ್ರಶ್ನೆ ಕೇಳಬೇಕು. ಪೋಸ್ಟರ್ ಹಾಕುವುದು, ಎಮೋಜಿ ಹಾಕುವುದು, ಗಿವ್‌ಅವೇ (ಉಚಿತ ಬಹುಮಾನ) ನಡೆಸುವುದು ಎಲ್ಲ ಅದರ ನಂತರ. ಈ ಕೆಲಸಕ್ಕೆ ಇಳಿಯಬೇಕು ಅಂದುಕೊಂಡವರಿಗಾಗಿ, ನಾನು ಕಲಿತದ್ದನ್ನು ಕಲಿತ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಸೇರುವ ಮೊದಲು

ಈ ಕೆಲಸಕ್ಕೆ ಇಂಥದ್ದೇ ಡಿಗ್ರಿ ಬೇಕು ಅಂತಿಲ್ಲ. ಮಾಡಿ ತೋರಿಸಿದ ಕೆಲಸ ಬೇಕು. ನೀವು ದಿನಾ ಆಡುವ ಗೇಮ್‌ನ ಡಿಸ್ಕಾರ್ಡ್ ಸರ್ವರ್‌ನಲ್ಲಿ (ಅಂದರೆ ಅದರ ಚಾಟ್ ಬಳಗದಲ್ಲಿ) ಮಾತುಕತೆ ಹದ್ದುಮೀರದಂತೆ ನೋಡಿಕೊಳ್ಳುವ ಮಾಡರೇಟರ್ ಆಗಲು ಕೇಳಿ. ಮೂರು ತಿಂಗಳು ನಿಯತ್ತಾಗಿ ಮಾಡಿ. ಅದರ ಜೊತೆಗೆ ವಾರಕ್ಕೊಮ್ಮೆ ಒಂದು ಪುಟ ಬರೆಯಿರಿ: ಈ ವಾರ ಆಟಗಾರರು ಯಾವುದಕ್ಕೆ ಖುಷಿಪಟ್ಟರು, ಯಾವುದಕ್ಕೆ ಸಿಟ್ಟಾದರು, ಯಾಕೆ. ಹನ್ನೆರಡು ವಾರಕ್ಕೆ ಹನ್ನೆರಡು ಪುಟ. ಸಂದರ್ಶನದಲ್ಲಿ ಇದನ್ನು ತೋರಿಸಿದವರು ಎದ್ದು ಕಾಣುತ್ತಾರೆ. ಎಷ್ಟು ಫಾಲೋವರ್ ಇದ್ದಾರೆ ಅನ್ನುವುದಕ್ಕಿಂತ ಇದಕ್ಕೆ ಬೆಲೆ ಜಾಸ್ತಿ.

ಇಲ್ಲಿಂದ ಮುಂದೆ ದಾರಿ ಇದೆಯಾ ಎಂದು ತುಂಬಾ ಜನ ಕೇಳುತ್ತಾರೆ. ಕೆನಡಾದ ಡಿಜಿಟಲ್ ಎಕ್ಸ್‌ಟ್ರೀಮ್ಸ್ ಕಂಪನಿಯ ವಾರ್‌ಫ್ರೇಮ್ ಆಟವನ್ನು ನೋಡಿ. ಅಲ್ಲಿ ಕಮ್ಯುನಿಟಿ ವಿಭಾಗದಲ್ಲಿ ಕೆಲಸ ಶುರು ಮಾಡಿದ ರೆಬೆಕಾ ಫೋರ್ಡ್ 2022ರಲ್ಲಿ ಅದೇ ಆಟದ ಕ್ರಿಯೇಟಿವ್ ಡೈರೆಕ್ಟರ್ ಆದರು. ವರ್ಷಗಟ್ಟಲೆ ಆಟಗಾರರ ಮಾತು ಕೇಳಿದವರಿಗೆ ಆಟ ಎಲ್ಲಿ ಕುಂಟುತ್ತಿದೆ ಎಂದು ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ?

ನಮ್ಮಲ್ಲಿ ಈ ಕೆಲಸ ಹೆಚ್ಚಾಗಿ ಬೆಂಗಳೂರು, ಪುಣೆ, ಹೈದರಾಬಾದ್, ಮುಂಬೈಗಳಲ್ಲಿ ಸಿಗುತ್ತದೆ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಟ ನಡೆಸುವ ಕ್ರಾಫ್ಟನ್‌ನ ಭಾರತದ ಕಚೇರಿ ಬೆಂಗಳೂರಿನಲ್ಲೇ ಇದೆ. ಆದರೆ ಯಾವುದೇ ಆಫರ್ ಒಪ್ಪುವ ಮೊದಲು ಒಂದು ವಿಷಯ ನೋಡಿಕೊಳ್ಳಿ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್‌ಗೆ ಹೊಸ ಕೇಂದ್ರ ಕಾನೂನು ಬಂತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ಅದು ನಿಷೇಧಿಸಿದೆ. ಕೌಶಲದ ಆಟ, ಅದೃಷ್ಟದ ಆಟ ಅನ್ನುವ ಭೇದ ಇಲ್ಲ. ಅಂಥ ಆಟಕ್ಕೆ ಪ್ರಚಾರ ಮಾಡುವುದೂ ಅಪರಾಧ. ಪ್ರಚಾರದ ಪೋಸ್ಟ್ ಹಾಕುವ ಕೈ ನಿಮ್ಮದೇ ಆಗಿರುತ್ತದೆ. ಹಾಗಾಗಿ ಆಟದಲ್ಲಿ ದುಡ್ಡು ಹೇಗೆ ಒಳಗೆ ಬರುತ್ತದೆ, ಹೊರಗೆ ಹೋಗುತ್ತದೆಯಾ ಎಂದು ಸಂದರ್ಶನದಲ್ಲೇ ಕೇಳಿ. ಕೇಳಲು ಸಂಕೋಚ ಬೇಡ.

ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ನಾನು ತರುವ ದೂರನ್ನು ಯಾರು ಓದುತ್ತಾರೆ?" ಅದಕ್ಕೆ ಒಬ್ಬರ ಹೆಸರು ಬರಬೇಕು. "ಎಲ್ಲರೂ ನೋಡ್ತಾರೆ" ಎಂದರೆ ಯಾರೂ ನೋಡುವುದಿಲ್ಲ ಎಂದೇ ನನ್ನ ಅನುಭವ.

ಮೊದಲ ಎರಡು ವಾರ ಬರೆಯಬೇಡಿ, ಓದಿ

ಸೇರಿದ ದಿನವೇ "ಹಲೋ ಫ್ರೆಂಡ್ಸ್" ಹಾಕಲು ಮನಸ್ಸಾಗುತ್ತದೆ. ತಡೆಯಿರಿ. ಆಟ ಆಡಿ, ದಿನಾ ಒಂದು ಗಂಟೆಯಾದರೂ ಆಡಿ. ಹಳೆಯ ಚಾಟ್ ಓದಿ, ಪ್ಲೇ ಸ್ಟೋರ್‌ನ ರಿವ್ಯೂ ಓದಿ, ಯೂಟ್ಯೂಬ್ ಸ್ಟ್ರೀಮ್‌ಗಳ ಕಾಮೆಂಟ್ ಓದಿ. ಒಂದು ನೋಟ್‌ಬುಕ್‌ನಲ್ಲಿ ಜನರನ್ನು ಗುರುತು ಹಾಕಿಕೊಳ್ಳಿ: ಹೊಸಬರಿಗೆ ತಾಳ್ಮೆಯಿಂದ ಹೇಳಿಕೊಡುವವರು ಯಾರು, ಬಗ್ ಹುಡುಕುವುದರಲ್ಲಿ ಪಳಗಿದವರು ಯಾರು, ಯಾರು ಬಂದರೆ ಚಾಟ್ ಕೆಡುತ್ತದೆ. ಅವರ ಮಾತಿನ ಪಟ್ಟಿಯನ್ನೂ ಮಾಡಿ. ಒಂದೊಂದು ಆಟಕ್ಕೂ ಒಂದೊಂದು ಭಾಷೆ ಇರುತ್ತದೆ. ಮ್ಯಾಪ್‌ನ ಒಂದು ಜಾಗಕ್ಕೆ ಕಂಪನಿ ಇಟ್ಟ ಹೆಸರು ಒಂದು, ಆಡುವವರು ಕರೆಯುವ ಹೆಸರು ಇನ್ನೊಂದು. ನೀವು ಕಂಪನಿಯ ಹೆಸರು ಬಳಸಿದರೆ ಆಟ ಆಡದವರು ಎಂದು ತಕ್ಷಣ ಗೊತ್ತಾಗಿಬಿಡುತ್ತದೆ.

ಡಿಸ್ಕಾರ್ಡ್ ಸರ್ವರ್ ಕಟ್ಟುವಾಗ

ಚಾನೆಲ್‌ಗಳು ಕಡಿಮೆ ಇರಲಿ. ಸೂಚನೆಗೆ ಒಂದು, ಮಾತುಕತೆಗೆ ಒಂದು, ಬಗ್ ಹೇಳಲು ಒಂದು, ಟೀಮ್ ಹುಡುಕಲು ಒಂದು, ಕನ್ನಡ ಮಾತಾಡುವವರಿಗೆ ಒಂದು. ಮೊದಲಿಗೆ ಸಾಕು. ಖಾಲಿ ಚಾನೆಲ್ ಖಾಲಿ ಹೋಟೆಲ್ ಇದ್ದ ಹಾಗೆ, ಒಳಗೆ ಬರಲು ಯಾರಿಗೂ ಮನಸ್ಸಾಗುವುದಿಲ್ಲ.

ಮಾಡರೇಟರ್‌ಗಳೆಲ್ಲ ಎರಡು ಹಂತದ ಲಾಗಿನ್ ಹಾಕಿಕೊಳ್ಳುವುದನ್ನು ಕಡ್ಡಾಯ ಮಾಡಿ. ಡಿಸ್ಕಾರ್ಡ್‌ನಲ್ಲಿ ಅದಕ್ಕೆ ಸೆಟ್ಟಿಂಗ್ ಇದೆ. ಒಬ್ಬ ಮಾಡರೇಟರ್‌ನ ಅಕೌಂಟ್ ಕಳ್ಳರ ಕೈಗೆ ಸಿಕ್ಕರೆ, ಅವನ ಹೆಸರಿನಲ್ಲೇ ಮೋಸದ ಲಿಂಕ್ ಎಲ್ಲರಿಗೂ ಹೋಗುತ್ತದೆ. ಎಲ್ಲರಿಗೂ ನೋಟಿಫಿಕೇಶನ್ ಕಳಿಸುವ ಅಧಿಕಾರ ನಿಮ್ಮ ಹತ್ತಿರ ಮತ್ತು ಇನ್ನೊಬ್ಬರ ಹತ್ತಿರ ಮಾತ್ರ ಇರಲಿ.

ಕೆಟ್ಟ ಮಾತನ್ನು ತಾನಾಗಿಯೇ ಹಿಡಿಯುವ ಆಟೋಮಾಡ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿ ಕನ್ನಡ ಗೊತ್ತಿರುವವರ ಕೆಲಸ ದೊಡ್ಡದು. ಡಿಸ್ಕಾರ್ಡ್‌ನ ತಯಾರಾದ ಬೈಗುಳದ ಪಟ್ಟಿ ನಮ್ಮ ಹುಡುಗರ ಬೈಗುಳ ಹಿಡಿಯುತ್ತದೆ ಎಂದು ನಂಬಬೇಡಿ. ಅವರು ಬರೆಯುವುದು ಕನ್ನಡ, ಬಳಸುವುದು ಇಂಗ್ಲಿಷ್ ಅಕ್ಷರ. ಒಂದೇ ಬೈಗುಳವನ್ನು ಹತ್ತು ಸ್ಪೆಲ್ಲಿಂಗ್‌ನಲ್ಲಿ ಬರೆಯುತ್ತಾರೆ. ಸ್ವರ ಎಳೆಯುತ್ತಾರೆ, ಅಕ್ಷರದ ಜಾಗದಲ್ಲಿ ಅಂಕಿ ಹಾಕುತ್ತಾರೆ. ಹಾಗಾಗಿ ನಿಮ್ಮ ಪಟ್ಟಿ ನೀವೇ ಮಾಡಬೇಕು. ಪದದ ಹಿಂದೆ ಮುಂದೆ ಏನೇ ಬಂದರೂ ಹಿಡಿಯುವಂತೆ ನಕ್ಷತ್ರ ಚಿಹ್ನೆ ಹಾಕಬಹುದು. ಆದರೆ ಎಚ್ಚರ ಇರಲಿ, ಸಣ್ಣ ಪದಕ್ಕೆ ಹಾಗೆ ಹಾಕಿದರೆ ಒಳ್ಳೆಯ ಮಾತೂ ಸಿಕ್ಕಿಬೀಳುತ್ತದೆ. "ಮಗಾ" ಬೆಂಗಳೂರು, ಮೈಸೂರು ಕಡೆ ಗೆಳೆಯನನ್ನು ಕರೆಯುವ ಮಾತು. ಅದಕ್ಕೆ ಇನ್ನೊಂದು ಪದ ಅಂಟಿದರೆ ಬೈಗುಳ. ಹುಬ್ಬಳ್ಳಿಯ ಹುಡುಗ "ಲೇ" ಅಂದರೆ ಸಲಿಗೆ. ಅದನ್ನು ಕೇಳಿ ಬೇರೆ ಊರಿನವರು ಜಗಳಕ್ಕೆ ನಿಲ್ಲುವುದನ್ನು ನಾನು ನೋಡಿದ್ದೇನೆ. ಮಂಗಳೂರಿನವರ "ಮಾರಾಯ"ದಲ್ಲಿ ಸಿಟ್ಟೂ ಇರಬಹುದು, ಪ್ರೀತಿಯೂ ಇರಬಹುದು. ಯಂತ್ರಕ್ಕೆ ಇದು ಗೊತ್ತಾಗದು. ಅನುಮಾನದ ಪದಗಳನ್ನು ನೇರವಾಗಿ ಅಳಿಸದೆ, ಮಾಡರೇಟರ್‌ಗಳ ಗುಪ್ತ ಚಾನೆಲ್‌ಗೆ ಎಚ್ಚರಿಕೆ ಮಾತ್ರ ಬರುವಂತೆ ಇಡಿ. ಜಾತಿ ಹಿಡಿದು ಬೈಯುವ ಪದಗಳನ್ನು ಮಾತ್ರ ಮೊದಲ ದಿನವೇ ಪೂರ್ತಿ ಮುಚ್ಚಿ. ಅದರಲ್ಲಿ ಚರ್ಚೆಗೆ ಜಾಗವಿಲ್ಲ.

ಹೆಣ್ಣುಮಕ್ಕಳ ಮಾತಿಗೂ ಜಾಗ ಮಾಡಿಕೊಡಬೇಕು. ವಾಯ್ಸ್ ಚಾಟ್‌ನಲ್ಲಿ ಒಬ್ಬ ಹುಡುಗಿ ಮೈಕ್ ಆನ್ ಮಾಡಿದ ಕೂಡಲೇ ಏನೇನು ಶುರುವಾಗುತ್ತದೆ ಎಂದು ಅವರನ್ನೇ ಕೇಳಿ ನೋಡಿ. ಎಷ್ಟೋ ಜನ ಆಮೇಲೆ ಮೈಕ್ ಆನ್ ಮಾಡುವುದೇ ಇಲ್ಲ. "ಇನ್‌ಸ್ಟಾ ಐಡಿ ಕೊಡಿ" ಅನ್ನುವ ಪೀಡನೆಯನ್ನು ನಿಯಮದಲ್ಲಿ ಹೆಸರಿಟ್ಟು ಬರೆಯಿರಿ. ಸುಮ್ನೆ "ಎಲ್ಲರನ್ನೂ ಗೌರವಿಸಿ" ಎಂದು ಬರೆದರೆ ಯಾರಿಗೂ ನಾಟುವುದಿಲ್ಲ. ಮಾಡರೇಟರ್‌ಗಳಲ್ಲಿ ಹೆಣ್ಣುಮಕ್ಕಳು ಇರಲೇಬೇಕು. ಆಗ ದೂರು ಹೇಳಲು ಧೈರ್ಯ ಬರುತ್ತದೆ.

ಶಿಕ್ಷೆಗೆ ಮೆಟ್ಟಿಲು ಇರಲಿ: ಮೊದಲು ಎಚ್ಚರಿಕೆ, ಆಮೇಲೆ ಒಂದು ಗಂಟೆ ಟೈಮ್‌ಔಟ್, ಆಮೇಲೆ ಒಂದು ವಾರ, ಕೊನೆಗೆ ಬ್ಯಾನ್. ಪ್ರತಿಯೊಂದನ್ನೂ ಯಾರು, ಯಾವಾಗ, ಯಾಕೆ ಮಾಡಿದರು ಎಂದು ಸ್ಕ್ರೀನ್‌ಶಾಟ್ ಜೊತೆ ಬರೆದಿಡಿ. ಬ್ಯಾನ್ ಆದವರು ಮೇಲ್ಮನವಿ ಹಾಕಲು ಒಂದು ದಾರಿ ಕೊಡಿ. ಬ್ಯಾನ್ ಮಾಡಿದವರೇ ಅದನ್ನು ನೋಡಬಾರದು.

ವಾರದ ವರದಿ

ನನ್ನ ಪ್ರಕಾರ ಈ ಕೆಲಸದ ತಿರುಳು ಇದೇ. ಉಳಿದದ್ದೆಲ್ಲ ಚೆನ್ನಾಗಿದ್ದು ಇದು ಕೆಟ್ಟರೆ, ನೀವು ಆಟಗಾರರ ಮಾತನ್ನು ಕೇಳಿ ಅಲ್ಲೇ ಬಿಟ್ಟಂತೆ.

ಆಟಗಾರರು ದೂರನ್ನು ದೂರಿನ ರೂಪದಲ್ಲಿ ಕೊಡುವುದಿಲ್ಲ. ಪರಿಹಾರದ ರೂಪದಲ್ಲಿ ಕೊಡುತ್ತಾರೆ. ಒಮ್ಮೆ ನಮ್ಮಲ್ಲಿ ಅಪ್‌ಡೇಟ್ ಆದ ಮೇಲೆ "ಶಾಟ್‌ಗನ್ ಡ್ಯಾಮೇಜ್ ಕಡಿಮೆ ಮಾಡಿ" ಎಂದು ಗಲಾಟೆ ಶುರುವಾಯಿತು. ಡ್ಯಾಮೇಜ್ ಮುಟ್ಟಿಯೇ ಇಲ್ಲ ಎಂದು ಡಿಸೈನರ್ ಹೇಳಿದರು. ಮಾತು ಅಲ್ಲಿಗೇ ನಿಲ್ಲಬಹುದಿತ್ತು. ನಾನು ಐದು ಜನರನ್ನು ಬೇರೆ ಬೇರೆಯಾಗಿ ಕೇಳಿದೆ: "ಕೊನೇ ಸಲ ಶಾಟ್‌ಗನ್‌ನಿಂದ ಸತ್ತಾಗ ಎಲ್ಲಿ ನಿಂತಿದ್ರಿ? ಏನು ಕೇಳಿಸ್ತು?" ನಾಲ್ಕು ಜನ ಒಂದೇ ಮಾತು ಹೇಳಿದರು. ಮನೆಯೊಳಗೆ ಇದ್ದೆವು, ಬಾಗಿಲು ತೆಗೆದ ಸದ್ದೇ ಬರಲಿಲ್ಲ. ಅಪ್‌ಡೇಟ್‌ನಲ್ಲಿ ಬಾಗಿಲಿನ ಸದ್ದು ಬಿಟ್ಟುಹೋಗಿತ್ತು. ಎದುರಾಳಿ ಹತ್ತಿರ ಬಂದದ್ದೇ ಗೊತ್ತಾಗುತ್ತಿರಲಿಲ್ಲ, ಹತ್ತಿರದಲ್ಲಿ ಶಾಟ್‌ಗನ್‌ಗೆ ಸಾಟಿ ಇಲ್ಲ. ಅವರು ಹೇಳಿದ ಮದ್ದು ತಪ್ಪಾಗಿತ್ತು, ನೋವು ಮಾತ್ರ ನಿಜ. ಹಾಗಾಗಿ ಯಾವುದೇ ದೂರು ಬಂದಾಗ "ಏನು ಮಾಡಬೇಕು ಅಂತೀರಿ" ಎಂದು ಕೇಳುವ ಮೊದಲು "ಏನಾಯ್ತು ಹೇಳಿ" ಎಂದು ಕೇಳಿ.

ಲ್ಯಾಗ್, ಅಂದರೆ ಆಟ ತಡವರಿಸುವ ದೂರಿಗೂ ಹೀಗೇ. "ಗೇಮ್ ಲ್ಯಾಗ್ ಗುರು" ಎಂಬ ಸಾಲನ್ನು ಇಂಜಿನಿಯರ್‌ಗೆ ಹಾಗೇ ಕೊಟ್ಟರೆ ಅವರು ಏನೂ ಮಾಡಲಾರರು. ಫೋನ್ ಯಾವುದು, ಜಿಯೋನಾ ಏರ್‌ಟೆಲ್ಲಾ, ವೈಫೈಯಾ ಡೇಟಾನಾ, ಯಾವ ಊರು, ಎಷ್ಟು ಗಂಟೆಗೆ, ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು) ಎಷ್ಟು ತೋರಿಸುತ್ತಿತ್ತು ಎಂದು ಕೇಳಿ. ಪಿಂಗ್ ಚೆನ್ನಾಗಿದ್ದು ಚಿತ್ರ ಮಾತ್ರ ತಡವರಿಸುತ್ತಿದ್ದರೆ ತೊಂದರೆ ಹೆಚ್ಚಾಗಿ ಫೋನ್‌ನದು ಅಥವಾ ಗೇಮ್‌ನದು. ಪಿಂಗ್ ಕೆಂಪಾಗಿದ್ದರೆ ನೆಟ್‌ವರ್ಕ್ ಅಥವಾ ಸರ್ವರ್. ಮಳೆಗಾಲದಲ್ಲಿ ಮಲೆನಾಡಿನಿಂದ ದೂರುಗಳು ಒಟ್ಟಿಗೆ ಬಂದರೆ ಕರೆಂಟ್ ಹೋಗಿ ಟವರ್ ಬಿದ್ದಿರಬಹುದು. ಅದೇ ದೂರು ಬೆಂಗಳೂರು, ಕಲಬುರಗಿ, ಚೆನ್ನೈಗಳಿಂದ ಒಂದೇ ಹೊತ್ತಿಗೆ ಬಂದರೆ ತಕ್ಷಣ ಸರ್ವರ್ ತಂಡಕ್ಕೆ ಫೋನ್ ಮಾಡಿ.

ವರದಿ ಒಂದು ಪುಟ ದಾಟದಿರಲಿ. ಐದು ವಿಷಯ ಸಾಕು. ಪ್ರತಿ ವಿಷಯಕ್ಕೆ ಎಷ್ಟು ಮೆಸೇಜ್, ಎಷ್ಟು ಜನ ಎಂದು ಎರಡೂ ಬರೆಯಿರಿ. ನಲವತ್ತು ಮೆಸೇಜ್ ಬಂದಿರುತ್ತವೆ, ಬರೆದವರು ಆರೇ ಜನ ಇರುತ್ತಾರೆ. ಆಟಗಾರರದೇ ಮಾತಿನಲ್ಲಿ ಒಂದು ಸಾಲು ಸೇರಿಸಿ. ಅಂಕಿ ನೋಡಿ ಕದಲದ ಪ್ರೊಡ್ಯೂಸರ್ ಆ ಒಂದು ಸಾಲಿಗೆ ಕದಲಿದ್ದನ್ನು ನಾನು ಕಂಡಿದ್ದೇನೆ. ಡಿಸ್ಕಾರ್ಡ್‌ಗೆ ಬರದೆ ಸುಮ್ಮನೆ ಆಡುವವರೇ ಜಾಸ್ತಿ ಎಂಬುದನ್ನು ಮರೆಯಬೇಡಿ. ಸ್ಟೋರ್ ರಿವ್ಯೂ, ಸಪೋರ್ಟ್ ಟಿಕೆಟ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಕೊನೆಯಲ್ಲಿ ನಿಮಗೆ ಉತ್ತರ ಬೇಕಾದ ಪ್ರಶ್ನೆಗಳನ್ನು ಬರೆದು, ಪ್ರತಿಯೊಂದರ ಮುಂದೆ ಉತ್ತರ ಕೊಡಬೇಕಾದವರ ಹೆಸರು ಹಾಕಿ.

ಉತ್ತರ "ಇಲ್ಲ, ಮಾಡುವುದಿಲ್ಲ" ಎಂದು ಬಂದರೂ ಆಟಗಾರರಿಗೆ ತಿಳಿಸಿ, ಕಾರಣದ ಜೊತೆ ತಿಳಿಸಿ. ಐಸ್‌ಲ್ಯಾಂಡ್‌ನ ಈವ್ ಆನ್‌ಲೈನ್ ಆಟದಲ್ಲಿ 2008ರಿಂದ ಆಟಗಾರರೇ ಮತ ಹಾಕಿ ಆರಿಸಿದ ಒಂದು ಮಂಡಳಿ ಇದೆ. 2011ರಲ್ಲಿ ಆಟದೊಳಗಿನ ಅಂಗಡಿಯ ದುಬಾರಿ ವಸ್ತುಗಳ ಬಗ್ಗೆ ದೊಡ್ಡ ದಂಗೆ ಎದ್ದಾಗ, ಕಂಪನಿ ಆ ಮಂಡಳಿಯವರನ್ನು ರೇಕ್ಯಾವಿಕ್‌ಗೆ ಕರೆಸಿ ಕೂರಿಸಿ ಮಾತಾಡಿತು. ಪ್ರತಿ ಆಟಕ್ಕೂ ಚುನಾವಣೆ ಬೇಕಿಲ್ಲ. ತಿಂಗಳಿಗೊಮ್ಮೆ ಹತ್ತು ಆಟಗಾರರು ಡಿಸೈನರ್ ಜೊತೆ ವಾಯ್ಸ್‌ನಲ್ಲಿ ಕೂತರೂ ಎಷ್ಟೋ ಸಿಟ್ಟು ಇಳಿಯುತ್ತದೆ.

ಸರ್ವರ್ ಬಿದ್ದ ರಾತ್ರಿ

ತಯಾರಿ ಹಗಲಿನಲ್ಲೇ ಆಗಬೇಕು. ಪ್ರತಿ ಅಪ್‌ಡೇಟ್‌ಗೆ ಮೊದಲು ನಾಲ್ಕು ವಿಷಯ ಕೇಳಿ ಬರೆದಿಟ್ಟುಕೊಳ್ಳಿ: ರಾತ್ರಿ ಯಾರು ಎಚ್ಚರ ಇರುತ್ತಾರೆ, ಅವರ ಫೋನ್ ನಂಬರ್ ಏನು, ತಡವಾದರೆ ಸ್ಟ್ರೀಕ್ ಮತ್ತು ಈವೆಂಟ್ ಏನಾಗುತ್ತದೆ, ಪರಿಹಾರ ಕೊಡುವ ಮಾತನ್ನು ಯಾರ ಒಪ್ಪಿಗೆಯಿಂದ ಹೇಳಬಹುದು.

ಬಿದ್ದ ಮೇಲೆ ಹಾಕುವ ಸೂಚನೆ ಹೀಗಿರಲಿ:

"ಲಾಗಿನ್ ಆಗುತ್ತಿಲ್ಲ ಎಂಬುದು ನಮಗೆ ಗೊತ್ತಾಗಿದೆ. ರಾತ್ರಿ 9:40ರಿಂದ ಈ ತೊಂದರೆ ಇದೆ. ನಿಮ್ಮ ಲೆವೆಲ್, ಐಟಂ ಯಾವುದೂ ಹೋಗಿಲ್ಲ. ದಯವಿಟ್ಟು ಆಪ್ ಅಳಿಸಬೇಡಿ. ಇವತ್ತಿನ ಸ್ಟ್ರೀಕ್ ಎಲ್ಲರಿಗೂ ಉಳಿಯುತ್ತದೆ, ಮಲಗುವವರು ಮಲಗಬಹುದು. ಮುಂದಿನ ಸುದ್ದಿ 10:30ಕ್ಕೆ ಇಲ್ಲೇ. ಅಷ್ಟರಲ್ಲಿ ಸರಿಯಾಗದಿದ್ದರೂ ಬಂದು ಹೇಳುತ್ತೇವೆ."

ಯಾವಾಗ ಸರಿಯಾಗುತ್ತದೆ ಎಂದು ಇದರಲ್ಲಿ ಎಲ್ಲೂ ಇಲ್ಲ. ಅದು ನಿಮ್ಮ ಕೈಯಲ್ಲಿಲ್ಲ. ಮುಂದೆ ಯಾವಾಗ ಮಾತಾಡುತ್ತೀರಿ ಎಂಬುದು ಕೈಯಲ್ಲಿದೆ, ಅದನ್ನೇ ಹೇಳಿ. ಹೇಳಿದ ನಿಮಿಷಕ್ಕೆ ಬನ್ನಿ. ಆಪ್ ಅಳಿಸಬೇಡಿ ಎಂಬ ಸಾಲು ಬಿಡಬೇಡಿ. ಇಮೇಲ್, ಫೋನ್ ನಂಬರ್ ಜೋಡಿಸದ ಗೆಸ್ಟ್ ಅಕೌಂಟ್‌ನಲ್ಲಿ ಆಡುವವರು ಆಪ್ ಅಳಿಸಿದರೆ ಎಷ್ಟೋ ಆಟಗಳಲ್ಲಿ ಅಕೌಂಟೇ ಹೋಗಿಬಿಡುತ್ತದೆ. ಐಟಂ ಹೋಗಿಲ್ಲ ಎಂಬ ಮಾತನ್ನು ಇಂಜಿನಿಯರ್ ಹೇಳಿದ ಮೇಲೆ ಮಾತ್ರ ಹಾಕಿ. ಚಾಟ್ ಉಕ್ಕಿ ಹರಿಯುತ್ತಿದ್ದರೆ ಒಂದು ಮೆಸೇಜ್ ಆದ ಮೇಲೆ ಸ್ವಲ್ಪ ಕಾಯಿಸುವ ಸ್ಲೋ ಮೋಡ್ ಹಾಕಿ, ಚಾನೆಲ್ ಮುಚ್ಚಬೇಡಿ.

ಸರ್ಕಾರದ ಆದೇಶದಿಂದ ಆಟ ನಿಂತರೆ ಲೆಕ್ಕ ಬೇರೆ. ಬಿಜಿಎಂಐ 2022ರ ಜುಲೈನಲ್ಲಿ ಪ್ಲೇ ಸ್ಟೋರ್, ಆಪ್ ಸ್ಟೋರ್‌ಗಳಿಂದ ಹೋಯಿತು. ವಾಪಸ್ ಬಂದದ್ದು 2023ರ ಮೇ ತಿಂಗಳಲ್ಲಿ. ಅಂಥ ಹೊತ್ತಿನಲ್ಲಿ ಊಹೆಯ ಒಂದು ಪದವೂ ನಿಮ್ಮ ಬಾಯಿಂದ ಬರಬಾರದು, ಕಾನೂನು ವಿಭಾಗ ಒಪ್ಪಿದ್ದಷ್ಟೇ ಬರಬೇಕು. ಆದರೆ ನಕಲಿ ಎಪಿಕೆ (ಸ್ಟೋರ್ ಹೊರಗಿಂದ ಹಾಕಿಕೊಳ್ಳುವ ಆಪ್ ಫೈಲ್) ಲಿಂಕ್‌ಗಳ ಬಗ್ಗೆ ದಿನಾ ಎಚ್ಚರಿಸಿ.

ಸಿಟ್ಟಿನ ಎದುರು

2017ರ ನವೆಂಬರ್‌ನಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಿಡುಗಡೆಯಾಗುವ ಹೊತ್ತು. ದುಡ್ಡು ಕೊಟ್ಟು ಕೊಂಡ ಆಟದಲ್ಲಿ ಡಾರ್ತ್ ವೇಡರ್ ಪಾತ್ರಕ್ಕೆ ಬೀಗ ಹಾಕಿದ್ದೀರಲ್ಲ ಎಂದು ಒಬ್ಬ ಆಟಗಾರ ರೆಡ್ಡಿಟ್ ಎಂಬ ಚರ್ಚಾ ತಾಣದಲ್ಲಿ ಕೇಳಿದ. ಕಷ್ಟಪಟ್ಟು ಬೀಗ ತೆಗೆದರೆ ಹೆಮ್ಮೆ ಅನಿಸುತ್ತದೆ ಎಂಬ ಅರ್ಥದ ಉತ್ತರ ಇಎ ಕಂಪನಿಯ ಕಮ್ಯುನಿಟಿ ತಂಡದಿಂದ ಬಂತು. ಆ ಉತ್ತರಕ್ಕೆ 6 ಲಕ್ಷಕ್ಕೂ ಹೆಚ್ಚು ಡೌನ್‌ವೋಟ್ (ಹಿಡಿಸಲಿಲ್ಲ ಎಂಬ ಮತ) ಬಿದ್ದವು, ಗಿನ್ನೆಸ್ ದಾಖಲೆಯಾಯಿತು. ಉತ್ತರದ ಭಾಷೆ ಸಭ್ಯವಾಗಿಯೇ ಇತ್ತು. ಆದರೆ ಅವನು ಕೇಳಿದ್ದು ದುಡ್ಡಿನ ಮಾತು, ಅವರು ಹೇಳಿದ್ದು ಹೆಮ್ಮೆಯ ಮಾತು. ಪ್ರಶ್ನೆಗೆ ಕಿವಿಗೊಡದೆ ಬರೆದ ಉತ್ತರ ಎಷ್ಟೇ ನಯವಾಗಿದ್ದರೂ ಉರಿ ಹಚ್ಚುತ್ತದೆ. ಉತ್ತರ ಬರೆಯುವ ಮೊದಲು ಆಟಗಾರ ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಂದು ಸಾಲು ಬರೆದುಕೊಳ್ಳಿ. ನಿಮ್ಮ ಉತ್ತರ ಆ ಸಾಲಿಗೆ ಹೊಂದದಿದ್ದರೆ ಹಾಕಬೇಡಿ.

ಒಳಗಿನವರು ನೋ ಮ್ಯಾನ್ಸ್ ಸ್ಕೈ ಆಟದ ಉದಾಹರಣೆ ಕೊಡುವುದುಂಟು. 2016ರ ಆಗಸ್ಟ್‌ನಲ್ಲಿ ಆ ಆಟ ಬಂದಾಗ ಹೇಳಿದ್ದೆಲ್ಲ ಇರಲಿಲ್ಲ, ಜನ ಕೆರಳಿದರು, ಕಂಪನಿ ಬಾಯಿ ಮುಚ್ಚಿ ಕೆಲಸ ಮಾಡಿತು, ನವೆಂಬರ್‌ನಲ್ಲಿ ದೊಡ್ಡ ಅಪ್‌ಡೇಟ್ ತಂತು, ವರ್ಷಗಳ ಕಾಲ ಉಚಿತವಾಗಿ ಕೊಡುತ್ತಾ ಹೋಗಿ ಹೆಸರು ಉಳಿಸಿಕೊಂಡಿತು. "ನಾವೂ ಸುಮ್ಮನಿರೋಣ" ಅನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಅಲ್ಲಿ ಜನರನ್ನು ಮರಳಿ ತಂದದ್ದು ಅವರು ಮಾಡಿದ ಕೆಲಸ. ದಿನಾ ಆಡುವ ಮೊಬೈಲ್ ಗೇಮ್‌ನವರಿಗೆ ತಿಂಗಳುಗಟ್ಟಲೆ ಕಾಯುವ ಆಟಗಾರರು ಸಿಗುವುದಿಲ್ಲ.

ಮಕ್ಕಳು, ಮೋಸ, ಜೀವದ ಮಾತು

ಚಾಟ್‌ನಲ್ಲಿ ಶಾಲಾ ಮಕ್ಕಳು ಇದ್ದೇ ಇರುತ್ತಾರೆ ಎಂದುಕೊಂಡೇ ಕೆಲಸ ಮಾಡಿ. 2023ರ ಡಿಜಿಟಲ್ ದತ್ತಾಂಶ ಕಾನೂನಿನಲ್ಲಿ 18 ತುಂಬದವರೆಲ್ಲ ಮಕ್ಕಳು. ಗಿವ್‌ಅವೇ ನೆಪದಲ್ಲಿ ಫೋಟೋ, ಶಾಲೆ, ಫೋನ್ ನಂಬರ್ ಕೇಳಬೇಡಿ. ಮಕ್ಕಳ ಜೊತೆ ಖಾಸಗಿ ಮೆಸೇಜ್ ಬೇಡ, ಮಾತು ಟಿಕೆಟ್‌ನಲ್ಲಿ (ಒಂದು ದೂರಿಗೆಂದೇ ತೆರೆಯುವ ಚಾನೆಲ್‌ನಲ್ಲಿ) ಇರಲಿ, ಇನ್ನೊಬ್ಬ ಮಾಡರೇಟರ್‌ಗೂ ಕಾಣುವಂತಿರಲಿ.

ಆಟದೊಳಗಿನ ನಾಣ್ಯ ಪುಕ್ಕಟೆ ಎನ್ನುವ "ಫ್ರೀ ಯುಸಿ", "ಫ್ರೀ ಡೈಮಂಡ್" ಲಿಂಕ್‌ಗಳು ನಿಲ್ಲುವುದೇ ಇಲ್ಲ. ಅಪ್ಪನ ಫೋನಿಗೆ ಬಂದ ಓಟಿಪಿಯನ್ನು ಮಗ ಯಾರಿಗೋ ಕೊಟ್ಟಿರುತ್ತಾನೆ, ಬೈಗುಳದ ಭಯಕ್ಕೆ ಮನೆಯಲ್ಲಿ ಹೇಳಿರುವುದಿಲ್ಲ, ನಿಮಗೆ ಹೇಳುತ್ತಾನೆ. ಮೊದಲು ಧೈರ್ಯ ಹೇಳಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಮನೆಯವರಿಗೆ ಹೇಳಲು ಒಪ್ಪಿಸಿ. ಮಗುವಿಗೆ ಯಾರಾದರೂ ಕಿರುಕುಳ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಒಂದಲ್ಲ ಒಂದು ರಾತ್ರಿ "ಬದುಕೋಕೆ ಇಷ್ಟ ಇಲ್ಲ" ಎಂಬ ಮೆಸೇಜ್ ಬರುತ್ತದೆ. ತಮಾಷೆ ಎಂದುಕೊಂಡು ಬಿಡಬೇಡಿ, ಎಲ್ಲರ ಮುಂದೆ ಚರ್ಚೆಯೂ ಬೇಡ. ಟಿಕೆಟ್ ತೆರೆದು ಕರೆಸಿಕೊಳ್ಳಿ, "ಈಗ ಹತ್ತಿರ ಯಾರಿದ್ದಾರೆ?" ಎಂದು ನೇರವಾಗಿ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೊಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಕಣ್ಣೆದುರೇ ಇದೆ ಅನಿಸಿದರೆ ತುರ್ತು ನಂಬರ್ 112. ನೀವು ಆಪ್ತಸಮಾಲೋಚಕರಲ್ಲ, ಆ ಹೊರೆಯನ್ನು ಒಬ್ಬರೇ ಹೊರಬೇಡಿ, ಕಂಪನಿಯಲ್ಲಿ ಆಗಲೇ ಒಬ್ಬರಿಗೆ ತಿಳಿಸಿ.

ನಿಮ್ಮ ಬಗ್ಗೆ

ಕೆಲಸದ ಅಕೌಂಟ್ ಬೇರೆ, ಸ್ವಂತದ್ದು ಬೇರೆ ಇರಲಿ. 2010ರ ಜುಲೈನಲ್ಲಿ ಬ್ಲಿಝಾರ್ಡ್ ಎಂಬ ಗೇಮ್ ಕಂಪನಿ ತನ್ನ ಚರ್ಚಾ ವೇದಿಕೆಯಲ್ಲಿ ಎಲ್ಲರೂ ನಿಜ ಹೆಸರಿನಲ್ಲೇ ಬರೆಯಬೇಕು ಎಂದು ಘೋಷಿಸಿತು. ಭಯವೇನಿಲ್ಲ ಎಂದು ತೋರಿಸಲು ಅಲ್ಲಿನ ಉದ್ಯೋಗಿಯೊಬ್ಬರು ತಮ್ಮ ಹೆಸರು ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ಜನ ಅವರ ಖಾಸಗಿ ವಿವರ ಕೆದಕಿ ಹೊರಗಿಟ್ಟರು. ಕೆಲವೇ ದಿನಗಳಲ್ಲಿ ಕಂಪನಿ ಆ ಯೋಜನೆ ಕೈಬಿಟ್ಟಿತು. ನೀವು ಕೆಲಸದ ಹೆಸರೊಂದನ್ನು ಇಟ್ಟುಕೊಳ್ಳಿ. ಮನೆ, ಬೈಕ್ ನಂಬರ್, ಕಿಟಕಿಯಾಚೆಯ ನೋಟ ಯಾವುದೂ ಫೋಟೋದಲ್ಲಿ ಬರದಿರಲಿ. ಬೆದರಿಕೆ ಬಂದರೆ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದು ಕಂಪನಿಗೆ ಕೊಡಿ.

ಸ್ವಂತ ಫೋನಿನಲ್ಲಿ ಡಿಸ್ಕಾರ್ಡ್ ನೋಟಿಫಿಕೇಶನ್ ಬಂದ್ ಮಾಡಿ. ರಾತ್ರಿ ಪಾಳಿ ಯಾರದು ಎಂದು ಬರೆದಿರುವ ಪಟ್ಟಿ ಇರಬೇಕು. ಪಾಳಿ ಮುಗಿಸುವಾಗ ಮುಂದಿನವರಿಗೆ ಐದು ಸಾಲು ಬರೆದಿಡಿ: ಈಗ ಏನು ಉರಿಯುತ್ತಿದೆ, ಆಟಗಾರರಿಗೆ ಏನು ಮಾತು ಕೊಟ್ಟಿದ್ದೇನೆ, ಎಷ್ಟು ಗಂಟೆಗೆ ಮತ್ತೆ ಹೇಳುತ್ತೇನೆ ಅಂದಿದ್ದೇನೆ, ಒಳಗೆ ಯಾರ ಉತ್ತರಕ್ಕೆ ಕಾಯುತ್ತಿದ್ದೇನೆ, ಯಾರ ಮೇಲೆ ಕಣ್ಣಿಡಬೇಕು. ಅವರು ಓದಿ "ನೋಡಿದೆ" ಎಂದು ಬರೆದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ.